ಪುಟ್ಟಿ ಮುನಿಸಿಕೊಂಡಾಗ

1/8

ಫೋಟೋದಲ್ಲಿ ಏನೂ ಇಲ್ವಲ್ಲ ಅಂತ ಸ್ಕ್ರೋಲ್ ಮಾಡ್ಬೇಡಿ. ಈ ಸಲ ಬೆಟ್ಟ ಇಲ್ಲ, ಬಸ್‌ಸ್ಟ್ಯಾಂಡ್ ಟೀ ಇಲ್ಲ. ಬೂದು ಬಣ್ಣದ ಒಂದು ಸಣ್ಣ ವಿಂಡೋ, ಅದರಲ್ಲಿ ಒಂದು ಬಾಕ್ಸ್, ಬಾಕ್ಸ್ ಒಳಗೆ ಒಂದು ಸೊನ್ನೆ. ಆ ಸೊನ್ನೆ ಬಗ್ಗೆ ಎಂಟು ಪೋಸ್ಟ್ ಬರೀತೀನಿ. ಆಫೀಸ್ ಕಂಪ್ಯೂಟರ್ ಫೋಟೋ ತೆಗೆಯೋ ಹಾಗಿಲ್ಲ, ಅದಕ್ಕೆ ಇದು ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ತೆಗೆದದ್ದು.

ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಬಿಕಾಂ ಐದನೇ ಸೆಮಿಸ್ಟರ್. ಇಂಟರ್ನ್‌ಶಿಪ್‌ಗೆ ಅಂತ ಆರು ವಾರ ಒಂದು ಪತ್ತಿನ ಸಹಕಾರ ಸಂಘದ ಶಾಖೆಗೆ ಹೋಗ್ತಿದ್ದೆ. ಸಂಘದ ಹೆಸರು, ಊರಿನ ಹೆಸರು ಬರೆಯಲ್ಲ. ಕಾಮೆಂಟಲ್ಲಿ ಊಹೆ ಮಾಡೋದೂ ಬೇಡ. ತುಮಕೂರು ಜಿಲ್ಲೆ ಅಂತಷ್ಟೇ ಇಟ್ಕೊಳ್ಳಿ. ಕೊಬ್ಬರಿ ದುಡ್ಡು ಬಂದ ದಿನ ಬಾಗಿಲವರೆಗೆ ಕ್ಯೂ, ಇಲ್ಲದ ದಿನ ನೊಣ ಹೊಡೆಯೋ ಕೆಲಸ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ಕೂಡೋದು ಕಳೆಯೋದರಲ್ಲಿ ಅಲ್ಲ. ಒಬ್ಬರ ಬಗ್ಗೆ ಒಂದು ಸಾಲು ಬರೆದೆ. ಆ ಸಾಲಿಗೆ ಸೈನೂ ಆಯ್ತು, ಸೀಲೂ ಬಿತ್ತು. ಆಮೇಲೆ ಈ ಸೊನ್ನೆ ಕಣ್ಣಿಗೆ ಬಿತ್ತು.

ಕಂಪ್ಯೂಟರ್ ವಿಷಯ ಅಂತ ಕಾಮರ್ಸ್‌ನವರು ಓಡಿಹೋಗ್ಬೇಡಿ. ಇದು ನಮ್ಮ ವಿಷಯಾನೇ.

2/8

ಮೊದಲು ಆ ಸಾಫ್ಟ್‌ವೇರ್ ಏನು ಅಂತ ಹೇಳ್ತೀನಿ.

ಸಂಘದ ಲೆಕ್ಕ ಎಲ್ಲಾ ಹೆಡ್ಡಾಫೀಸಿನ ಸರ್ವರ್‌ನಲ್ಲಿದೆ. ಹಳೇ ಕಾಲದ ಪ್ರೋಗ್ರಾಂ. ಮೌಸ್ ಕೆಲಸ ಮಾಡಲ್ಲ, ಚಿತ್ರ ಇಲ್ಲ, ಕಪ್ಪು ಪರದೆ ಮೇಲೆ ಅಕ್ಷರ ಅಷ್ಟೇ. ನಮ್ಮ ಶಾಖೆಯ ಮೂರು ಕಂಪ್ಯೂಟರ್‌ಗಳು ಆ ಸರ್ವರ್ ಜೊತೆ ಮಾತಾಡೋದಕ್ಕೆ ಒಂದು ಸಣ್ಣ ಪ್ರೋಗ್ರಾಂ ಇದೆ. ಹಿಂದೆ ಇದೇ ಕೆಲಸಕ್ಕೆ ಟರ್ಮಿನಲ್ ಅಂತ ಪ್ರತ್ಯೇಕ ಯಂತ್ರಾನೇ ಇರ್ತಿತ್ತು, ಪರದೆ ಮತ್ತು ಕೀಬೋರ್ಡ್ ಮಾತ್ರ. 1978ರಲ್ಲಿ ಡೆಕ್ ಕಂಪನಿ ತಂದ ವಿಟಿ100 ಅದರಲ್ಲಿ ತುಂಬಾ ಹೆಸರುವಾಸಿ. ಈಗ ಆ ಯಂತ್ರದ ವೇಷ ಹಾಕೋದು ಸಾಫ್ಟ್‌ವೇರ್. ಅದಕ್ಕೇ ಟರ್ಮಿನಲ್ ಎಮ್ಯುಲೇಟರ್ ಅಂತ ಹೆಸರು.

ನಮ್ಮಲ್ಲಿದ್ದದ್ದು ಪುಟಿ. ಇಂಗ್ಲೆಂಡಿನ ಸೈಮನ್ ಟಾಥಮ್ ಅನ್ನೋರು ಬರೆದದ್ದು, 1999ರಲ್ಲಿ ಹೊರಗೆ ಬಂತು, ಇವತ್ತಿಗೂ ಉಚಿತ. ಆದ್ರೆ ಶಾಖೆಯಲ್ಲಿ ಅದನ್ನ ಯಾರೂ ಪುಟಿ ಅನ್ನಲ್ಲ. ಪುಟ್ಟಿ ಅಂತಾರೆ, ಮನೆಯ ಚಿಕ್ಕ ಹುಡುಗೀನ ಕರೆದ ಹಾಗೆ.

ಆ ಹೆಸರಿಟ್ಟದ್ದು ಕ್ಯಾಷ್ ಕೌಂಟರ್ ಅಕ್ಕ. ಇಪ್ಪತ್ತೆರಡು ವರ್ಷ ಸರ್ವಿಸ್. ವಿಂಡೋ ಹೆಪ್ಪುಗಟ್ಟಿದ ಹಾಗೆ ನಿಂತುಬಿಟ್ರೆ ಅವರು ಹೇಳ್ತಿದ್ದದ್ದು ಒಂದೇ ಮಾತು. "ನೋಡಪ್ಪಾ, ಪುಟ್ಟಿ ಮುನಿಸ್ಕೊಂಡ್ಲು. ಸ್ವಲ್ಪ ಹೊತ್ತು ಮಾತಾಡಿಸ್ಲಿಲ್ಲ ಅಂದ್ರೆ ಸಾಕು ಇವಳಿಗೆ."

ನಾವೆಲ್ಲ ನಗ್ತಿದ್ವಿ. ಈ ಮಾತು ನೆನಪಿಟ್ಕೊಳ್ಳಿ.

3/8

ಎರಡನೇ ವಾರ. ಮಧ್ಯಾಹ್ನ ಮೂರು ಗಂಟೆ ಇರ್ಬೇಕು.

ಒಬ್ಬ ತಾತ ₹6,000 ತೆಗೆಯೋಕೆ ಸ್ಲಿಪ್ ಕೊಟ್ರು. ಅಕ್ಕ ಖಾತೆ ನಂಬರ್ ಹೊಡೆದ್ರು, ಮೊತ್ತ ಹೊಡೆದ್ರು. ಪರದೆ ಕೇಳ್ತು, ಸೇವ್ ಮಾಡಲಾ, ವೈ ಅಥವಾ ಎನ್. ಆಗ ನೋಡಿದ್ರೆ ತಾತನ ಸಹಿ ಹೊಂದ್ತಿಲ್ಲ. ಸ್ಲಿಪ್ ಮ್ಯಾನೇಜರ್ ಟೇಬಲ್‌ಗೆ ಹೋಯ್ತು. ಮ್ಯಾನೇಜರ್ ಸರ್ ಫೋನಲ್ಲಿದ್ರು. ಅಷ್ಟರಲ್ಲಿ ಪಿಗ್ಮಿ ಏಜೆಂಟ್ ಬಂದು ಚೀಲ ಸುರಿದ. ಹತ್ತರ ನೋಟು, ಇಪ್ಪತ್ತರ ನೋಟು, ಚಿಲ್ಲರೆ. ಅಕ್ಕ ಎಣಿಸೋಕೆ ಕೂತ್ರು. ಕಾಲು ಗಂಟೆ ಆದ್ಮೇಲೆ ಸ್ಲಿಪ್ ಪಾಸಾಗಿ ವಾಪಸ್ ಬಂತು. ದುಡ್ಡು ಎರಡು ಸಲ ಎಣಿಸಿ ತಾತನ ಕೈಗೆ ಕೊಟ್ಟು, ಹಿಂದೆ ಸಹಿ ತಗೊಂಡು, ವೈ ಒತ್ತಿ ಎಂಟರ್ ಹೊಡೆದು, ಮತ್ತೆ ಚಿಲ್ಲರೆ ಕಡೆ ತಿರುಗಿದ್ರು.

ಸ್ವಲ್ಪ ಹೊತ್ತಿಗೆ ಪರದೆ ಮೇಲೆ ಪೆಟ್ಟಿಗೆ ಬಂತು. ನೆಟ್‌ವರ್ಕ್ ಎರರ್, ಸಾಫ್ಟ್‌ವೇರ್ ಕಾಸ್ಡ್ ಕನೆಕ್ಷನ್ ಅಬಾರ್ಟ್. "ಮುನಿಸ್ಕೊಂಡ್ಲು" ಅಂತ ಅಕ್ಕ ವಿಂಡೋ ಮುಚ್ಚಿ, ಹೊಸದಾಗಿ ಲಾಗಿನ್ ಆಗಿ ಮುಂದಿನವರನ್ನ ಕರೆದ್ರು.

ಸಾಯಂಕಾಲ ಕ್ಯಾಷ್ ₹6,000 ಕಮ್ಮಿ.

ಐದೂವರೆಯಿಂದ ಏಳರವರೆಗೆ ಹುಡುಕಿದ್ವಿ. ಒಂದೊಂದು ವೋಚರ್ ತಗೊಂಡು ಸ್ಕ್ರೋಲ್‌ಗೆ ಟಿಕ್ ಹಾಕಿದ್ದು ನಾನೇ. ತಾತನ ಸ್ಲಿಪ್ ಇತ್ತು, ಸ್ಕ್ರೋಲ್‌ನಲ್ಲಿ ಎಂಟ್ರಿ ಇರಲಿಲ್ಲ. ಸಿಕ್ಕಿತಲ್ಲಾ ಅಂತ ಎಂಟ್ರಿ ಹಾಕೋಕೆ ಹೋದ್ರೆ ಆ ಖಾತೆ ತೆರೀತಾ ಇಲ್ಲ. ಬೇರೆ ಬಳಕೆದಾರರು ಉಪಯೋಗಿಸ್ತಿದ್ದಾರೆ ಅಂತ ಬರ್ತಿತ್ತು. ಶಾಖೆಯಲ್ಲಿ ಇದ್ದದ್ದು ನಾವು ನಾಲ್ಕು ಜನ! ಹೆಡ್ಡಾಫೀಸಿಗೆ ಫೋನ್ ಮಾಡಿ ಬಿಡಿಸಿಕೊಂಡಾಯ್ತು. ಅಕ್ಕನ ಊರಿನ ಕೊನೇ ಬಸ್ ಹೋಗಿತ್ತು. ಅವರ ಮಗ ಬೈಕಲ್ಲಿ ಬಂದು ಕರ್ಕೊಂಡು ಹೋದ.

ಆ ತಿಂಗಳಲ್ಲಿ ಇಂಥದ್ದು ಅದು ಮೂರನೇ ಸಲವಂತೆ.

4/8

ಈಗ ನನ್ನ ತಪ್ಪು.

ಇಂಟರ್ನ್‌ಶಿಪ್ ರಿಪೋರ್ಟ್‌ನಲ್ಲಿ ಒಂದು ಅಧ್ಯಾಯ ಇರುತ್ತಲ್ಲ, ಗಮನಿಸಿದ ಸಮಸ್ಯೆಗಳು ಮತ್ತು ಸಲಹೆಗಳು ಅಂತ. ಸೀನಿಯರ್ಸ್ ರಿಪೋರ್ಟ್ ನೋಡಿದ್ರೆ ಎಲ್ಲರದ್ದೂ ಒಂದೇ, ಪಾರ್ಕಿಂಗ್ ಇಲ್ಲ, ಕುಡಿಯೋ ನೀರಿಲ್ಲ. ನನ್ನ ಹತ್ರ ನಿಜವಾದ ಕೇಸ್ ಇದೆ ಅಂತ ನಂಗೆ ಖುಷಿ.

ಫಸ್ಟ್ ಇಯರ್‌ನಲ್ಲಿ ಓದಿದ್ದೇವೆ, ಬಿಟ್ಟುಹೋಗುವ ತಪ್ಪು ಅಂತ. ವ್ಯವಹಾರ ಪೂರ್ತಿಯಾಗಿ ಪುಸ್ತಕಕ್ಕೆ ಬರದೇ ಇದ್ರೆ ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ, ಹಾಗಾಗಿ ಟ್ರಯಲ್ ಬ್ಯಾಲೆನ್ಸ್ ನಗ್ತಾ ಹೊಂದ್ಕೊಳ್ಳುತ್ತೆ. ಡ್ರಾಯರ್‌ನಲ್ಲಿರೋ ದುಡ್ಡು ಎಣಿಸಿದ್ರೇನೇ ಗೊತ್ತಾಗೋದು. ಇದನ್ನೆಲ್ಲ ನೀಟಾಗಿ ಬರೆದೆ. ಕೆಳಗೆ ಕಾರಣ ಅಂತ ಒಂದು ಸಾಲು:

"ಹಿರಿಯ ನಗದು ಸಿಬ್ಬಂದಿಯ ಅಜಾಗರೂಕತೆ ಮತ್ತು ಗಣಕಯಂತ್ರದ ಅಭ್ಯಾಸದ ಕೊರತೆ."

ಅಕ್ಕನ ಕೌಂಟರ್‌ಗೆ ಎರಡು ತಿಂಗಳ ಹಿಂದೆ ಹೊಸ ಕಂಪ್ಯೂಟರ್ ಬಂದಿತ್ತು. ಅದು ಬಂದಮೇಲೇ ತೊಂದರೆ ಶುರು ಅಂತ ಎಲ್ಲರೂ ಹೇಳ್ತಿದ್ರು. ಹೊಸ ಮಷೀನ್ ಅವರಿಗೆ ಒಗ್ಗಿಲ್ಲ, ವಯಸ್ಸಾಯ್ತು ಅಂತ. ಎಲ್ಲರೂ ಹೇಳಿದ್ದನ್ನೇ ನಾನು ಚೆಂದದ ಕನ್ನಡದಲ್ಲಿ ಬರೆದೆ ಅಷ್ಟೇ.

ಮ್ಯಾನೇಜರ್ ಸರ್ ಓದಿ, "ಚೆನ್ನಾಗಿ ಗಮನಿಸಿದ್ದೀಯ ಕಣಯ್ಯಾ" ಅಂತ ಸೈನ್ ಮಾಡಿದ್ರು. ಆ ಪುಟದ್ದು ಒಂದು ಜೆರಾಕ್ಸ್ ಇಟ್ಕೊಂಡ್ರು. ಯಾಕೆ ಅಂತ ನಾನು ಕೇಳ್ಲಿಲ್ಲ.

ಸೋಮವಾರ ಆಫೀಸ್ ಆರ್ಡರ್ ಬಂತು. ಅಕ್ಕನ್ನ ಕ್ಯಾಷ್‌ನಿಂದ ತೆಗೆದು ಷೇರು ರಿಜಿಸ್ಟರ್ ಬರೆಯೋಕೆ ಹಾಕಿದ್ರು. ಕ್ಯಾಷ್ ನೋಡೋರಿಗೆ ಸಿಗೋ ₹600 ಭತ್ಯೆನೂ ಹೋಯ್ತು. ಅಕ್ಕ ಏನೂ ಅನ್ನಲಿಲ್ಲ. ಡ್ರಾಯರ್ ಬೀಗದ ಕೈ ಮೇಜಿನ ಮೇಲಿಟ್ಟು, ಟಿಫನ್ ಡಬ್ಬಿ ಎತ್ಕೊಂಡು ಹಿಂದಿನ ಟೇಬಲ್‌ಗೆ ಹೋದ್ರು.

5/8

ಕ್ಯಾಷ್‌ಗೆ ಬಂದದ್ದು ಹೊಸ ಹುಡುಗ. ನಮಗಿಂತ ನಾಲ್ಕೈದು ವರ್ಷ ದೊಡ್ಡವರು, ಕೀಬೋರ್ಡ್ ನೋಡದೇ ಟೈಪ್ ಮಾಡ್ತಾರೆ, ಎಕ್ಸೆಲ್‌ನಲ್ಲಿ ಪಂಟರು.

ಮೂರನೇ ದಿನ ಅವರಿಗೂ ಅದೇ ಆಯ್ತು. ಪಿಗ್ಮಿ ಎಣಿಸಿ ತಿರುಗಿದ್ರೆ ಪುಟ್ಟಿ ಸತ್ತಿದ್ದಾಳೆ. ಅದೃಷ್ಟಕ್ಕೆ ಅವತ್ತು ಎಂಟ್ರಿ ಅರ್ಧದಲ್ಲಿ ಇರಲಿಲ್ಲ. ಆದ್ರೆ ನನ್ನ ಹೊಟ್ಟೇಲಿ ಏನೋ ಕಲಕಿದಂಗಾಯ್ತು. ಇವರಿಗೆ ವಯಸ್ಸೂ ಆಗಿಲ್ಲ, ಅಭ್ಯಾಸದ ಕೊರತೆಯೂ ಇಲ್ಲ. ಹಾಗಿದ್ರೆ ನನ್ನ ಸಾಲು?

ಊಟದ ಹೊತ್ತಲ್ಲಿ ಅವರನ್ನ ಕೇಳ್ಕೊಂಡು ಪರೀಕ್ಷೆ ಮಾಡಿದೆ. ಮೇನ್ ಮೆನುವಿನಲ್ಲಿ ನಿಲ್ಲಿಸಿ ಐದು ನಿಮಿಷ ಮುಟ್ಟದೇ ಬಿಟ್ಟೆ, ಬಾಣದ ಕೀ ಒತ್ತಿದ್ರೆ ಓಡಿತು. ಮತ್ತೆ ಎಂಟು ನಿಮಿಷ, ಓಡಿತು. ಹನ್ನೊಂದು ನಿಮಿಷ ಬಿಟ್ಟೆ, ಅಲುಗಾಡ್ಲಿಲ್ಲ. ಮಾರನೇ ದಿನವೂ ಅಷ್ಟೇ. ಪಕ್ಕದ ಸಾಲದ ಕೌಂಟರ್‌ನಲ್ಲಿ ಮಾತ್ರ ಮುಕ್ಕಾಲು ಗಂಟೆ ಬಿಟ್ರೂ ಏನೂ ಆಗ್ಲಿಲ್ಲ. ಒಂದೇ ಕಟ್ಟಡ, ಒಂದೇ ಇಂಟರ್ನೆಟ್ ಲೈನು, ಒಂದೇ ಸರ್ವರ್.

ಹೆಡ್ಡಾಫೀಸಿನ ಕಂಪ್ಯೂಟರ್ ಸರ್‌ಗೆ ಫೋನ್ ಮಾಡ್ದೆ. "ನೀನು ಏನೂ ಬದಲಾಯಿಸ್ಬೇಡ, ಎರಡರಲ್ಲೂ ಕನೆಕ್ಷನ್ ಪುಟ ತೆಗೆದು ಏನಿದೆ ಓದು" ಅಂದ್ರು. ಓದಿದೆ.

ಸೆಕೆಂಡ್ಸ್ ಬಿಟ್ವೀನ್ ಕೀಪ್‌ಅಲೈವ್ಸ್ ಅಂತ ಒಂದು ಬಾಕ್ಸ್. ಸಾಲದ ಕೌಂಟರ್‌ನಲ್ಲಿ 60. ಕ್ಯಾಷ್ ಕೌಂಟರ್‌ನಲ್ಲಿ 0.

ಆ ಕಡೆ ಸರ್ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ "ಓಹೋ" ಅಂದ್ರು.

ಪುಟಿ ತನ್ನ ಸೆಟ್ಟಿಂಗ್‌ಗಳನ್ನ ಫೈಲಲ್ಲಿ ಇಡಲ್ಲ, ಆಯಾ ಕಂಪ್ಯೂಟರಿನ ವಿಂಡೋಸ್ ರಿಜಿಸ್ಟ್ರಿಯಲ್ಲಿ ಇಡುತ್ತೆ, ಅದೂ ಲಾಗಿನ್ ಆದ ಬಳಕೆದಾರನ ಹೆಸರಿನ ಕೆಳಗೆ. ಹಳೇ ಮಷೀನ್‌ನಲ್ಲಿ ಯಾರೋ ಎಂದೋ 60 ಹಾಕಿದ್ರು. ಹೊಸ ಮಷೀನ್ ಬಂದಾಗ ಸರ್ವರ್ ವಿಳಾಸ ಒಂದನ್ನ ಟೈಪ್ ಮಾಡಿ ಸೇವ್ ಮಾಡಿದ್ರು. ಆ 60 ಹಳೇ ಮಷೀನ್ ಜೊತೆ ಗುಜರಿಗೆ ಹೋಯ್ತು. ಏನೂ ಹಾಕದೇ ಇದ್ರೆ ಪುಟಿಯಲ್ಲಿ ಇರೋದು 0.

ಹೊಸ ಕಂಪ್ಯೂಟರ್ ಬಂದಮೇಲೇ ತೊಂದರೆ ಶುರು ಅಂದದ್ದು ನಿಜಾನೇ. ಒಗ್ಗದೇ ಇದ್ದದ್ದು ಅಕ್ಕನಿಗಲ್ಲ.

6/8

ಈ ಕೀಪ್‌ಅಲೈವ್ ಅಂದ್ರೆ ಏನು? ನಂಗೆ ಅರ್ಥ ಆದ ರೀತಿ ಹೇಳ್ತೀನಿ.

ಚಿಕ್ಕವರಿದ್ದಾಗ ಅಜ್ಜಿ ಕತೆ ಹೇಳೋವಾಗ ನಾವು ಹೂಂ ಅಂತಿರ್ಬೇಕಿತ್ತು, ಅಲ್ವಾ? ಹೂಂ ನಿಂತ್ರೆ ಮಗು ನಿದ್ದೆ ಹೋಯ್ತು ಅಂತ ಅಜ್ಜಿ ಕತೆ ನಿಲ್ಲಿಸಿಬಿಡ್ತಿದ್ರು. ಹೂಂಗುಟ್ಟೋದರಲ್ಲಿ ವಿಷಯ ಏನೂ ಇಲ್ಲ. ನಾನಿನ್ನೂ ಎದ್ದಿದ್ದೀನಿ ಅನ್ನೋದು ಮಾತ್ರ. ಕೀಪ್‌ಅಲೈವ್ ಅದೇ. 60 ಅಂತ ಹಾಕಿದ್ರೆ ಅಷ್ಟಷ್ಟು ಸೆಕೆಂಡಿಗೊಂದು ಸಲ ಪುಟಿ ಸರ್ವರ್‌ಗೆ ಒಂದು ಖಾಲಿ ಸಂದೇಶ ಕಳಿಸುತ್ತೆ. ಸರ್ವರ್ ಅದನ್ನ ತಗೊಂಡು ಬಿಸಾಕುತ್ತೆ. ನಿಮ್ಮ ಎಂಟ್ರಿಗೆ ಏನೂ ಆಗಲ್ಲ. 0 ಅಂದ್ರೆ ಹೂಂಗುಟ್ಟಲ್ಲ ಅಂತ.

ಹೂಂ ಯಾರಿಗೆ ಬೇಕು? ಸರ್ವರ್‌ಗಲ್ಲ, ಮಧ್ಯದ ರೂಟರ್‌ಗೆ. ಶಾಖೆಯ ಕಂಪ್ಯೂಟರ್‌ಗಳೆಲ್ಲ ಒಂದೇ ವಿಳಾಸದಿಂದ ಹೊರಗೆ ಹೋಗ್ತವೆ. ಒಳಗಿನ ಯಾರು ಹೊರಗಿನ ಯಾರ ಜೊತೆ ಮಾತಾಡ್ತಿದ್ದಾರೆ ಅಂತ ರೂಟರ್ ಒಂದು ಪಟ್ಟಿ ಇಟ್ಕೊಳ್ಳುತ್ತೆ. ಅದಕ್ಕೆ ನ್ಯಾಟ್ ಅಂತಾರೆ. ಸುಮಾರು ಹೊತ್ತು ಮಾತಿಲ್ಲ ಅಂದ್ರೆ ಆ ಸಾಲನ್ನ ಅಳಿಸಿಬಿಡುತ್ತೆ. ಅಳಿಸಿದ್ದನ್ನ ಯಾರಿಗೂ ಹೇಳಲ್ಲ. ಇಲ್ಲಿ ಪರದೆ ಮೊದಲಿದ್ದ ಹಾಗೇ ಕಾಣ್ತಿರುತ್ತೆ. ಅಲ್ಲಿ ಸರ್ವರ್ ಕೂಡ ನೀವಿನ್ನೂ ಕೂತಿದ್ದೀರಿ ಅಂದ್ಕೊಂಡು ತಾತನ ಖಾತೆಗೆ ಬೀಗ ಹಾಕಿಕೊಂಡೇ ಕಾಯ್ತಿರುತ್ತೆ. ಅವತ್ತು ಸಾಯಂಕಾಲದ ಆ ಬೇರೆ ಬಳಕೆದಾರ ಯಾರು ಗೊತ್ತಾ? ಮಧ್ಯಾಹ್ನದ ಅಕ್ಕಾನೇ. ಅವರ ವೈ ದಾರಿಯಲ್ಲೇ ಬಿದ್ದುಹೋಗಿತ್ತು.

ಇದಕ್ಕೊಂದು ನಿಯಮಾನೂ ಇದೆ. 2008ರ ಆರ್‌ಎಫ್‌ಸಿ 5382 ಪ್ರಕಾರ ಸುಮ್ಮನಿರೋ ಟಿಸಿಪಿ ಸಂಪರ್ಕವನ್ನ ನ್ಯಾಟ್ 2 ಗಂಟೆ 4 ನಿಮಿಷಕ್ಕಿಂತ ಮುಂಚೆ ಮರೆಯಬಾರದು. ನಮ್ಮ ಶಾಖೆಯ ದಾರಿಯಲ್ಲಿ ಹತ್ತು ನಿಮಿಷಕ್ಕೇ ಮರೆತುಹೋಗ್ತಿತ್ತು.

ಸಾಲದ ಕೌಂಟರ್ ಇಡೀ ದಿನ ಟೈಪ್ ಮಾಡೋ ಜಾಗ. ಕ್ಯಾಷ್ ಕೌಂಟರ್‌ನವರು ದುಡ್ಡು ಎಣಿಸಬೇಕು. ಎಚ್ಚರಿಕೆಯಿಂದ ಎಣಿಸಿದಷ್ಟೂ ಕೀಬೋರ್ಡ್ ಸುಮ್ಮನಿರುತ್ತೆ. ಅಂದ್ರೆ ಅಕ್ಕ ಜಾಗರೂಕತೆಯಿಂದ ಇದ್ದದ್ದಕ್ಕೇ ಲೈನ್ ಕಟ್ ಆಗ್ತಿದ್ದದ್ದು. ನಾನು ಅದನ್ನೇ ಅಜಾಗರೂಕತೆ ಅಂತ ಬರೆದಿದ್ದೆ.

7/8

ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ನಿಮ್ಮಪ್ಪ, ಅಮ್ಮ, ಅಕ್ಕ ಯಾರಾದ್ರೂ ಇಂಥ ಕಪ್ಪು ಪರದೆ ಮುಂದೆ ಕೂತು ಕೆಲಸ ಮಾಡ್ತಿದ್ರೆ ಬೇಕಾಗುತ್ತೆ. ಆಫೀಸ್ ಮಷೀನ್ ಆದ್ರೆ ಅದನ್ನ ನೋಡ್ಕೊಳ್ಳೋರನ್ನ ಕೇಳದೇ ಕೈ ಹಾಕ್ಬೇಡಿ. ನಾನೂ ಹೆಡ್ಡಾಫೀಸ್ ಸರ್ ಫೋನಲ್ಲಿ ಹೇಳ್ತಿದ್ದ ಹಾಗೆ ಮಾಡಿದ್ದು.

ಒಂದು. ಪುಟಿ ತೆರೆದು, ಸೇವ್ಡ್ ಸೆಷನ್ಸ್ ಪಟ್ಟಿಯಲ್ಲಿ ನಿಮ್ಮ ಸೆಷನ್ ಹೆಸರು ಆರಿಸಿ ಲೋಡ್ ಒತ್ತಿ. ಓಪನ್ ಅಲ್ಲ, ಲೋಡ್.

ಎರಡು. ಎಡಗಡೆ ಪಟ್ಟಿಯಲ್ಲಿ ಕನೆಕ್ಷನ್ ಒತ್ತಿ. ಮೇಲೇ ಇರುತ್ತೆ ಆ ಬಾಕ್ಸ್. 0 ತೆಗೆದು 60 ಹಾಕಿ.

ಮೂರು. ಇಲ್ಲೇ ಎಲ್ಲರೂ ಎಡವೋದು. ವಾಪಸ್ ಸೆಷನ್ ಪುಟಕ್ಕೆ ಬಂದು ಸೇವ್ ಒತ್ತಲೇಬೇಕು. ಮರೆತು ಓಪನ್ ಒತ್ತಿದ್ರೆ ಅವತ್ತಿಗೆ ಮಾತ್ರ ನಡೆಯುತ್ತೆ, ನಾಳೆ ಮತ್ತೆ 0.

ಅದೇ ಪುಟದಲ್ಲಿ ಎನೇಬಲ್ ಟಿಸಿಪಿ ಕೀಪ್‌ಅಲೈವ್ಸ್ ಅಂತ ಇನ್ನೊಂದು ಟಿಕ್ ಇದೆ. ಹೆಸರು ಒಂದೇ ಥರ ಇದೆ ಅಂತ ಅದನ್ನೇ ನಂಬ್ಕೋಬೇಡಿ. ಅದರ ಗಡಿಯಾರ ವಿಂಡೋಸ್ ಕೈಯಲ್ಲಿ, ಸಾಮಾನ್ಯವಾಗಿ 2 ಗಂಟೆಗೊಮ್ಮೆ. ಹತ್ತು ನಿಮಿಷಕ್ಕೆ ಮರೆಯೋ ರೂಟರ್‌ಗೆ ಅದು ಸಾಲಲ್ಲ. ನೇಗಲ್ಸ್ ಆಲ್ಗರಿದಮ್ ಅಂತ ಇರೋ ಟಿಕ್ ಇದ್ದ ಹಾಗೇ ಇರಲಿ.

ಇದು ಸರ್ವರೋಗಕ್ಕೆ ಮದ್ದಲ್ಲ. ಲೈನೇ ಆಗಾಗ ಒಂದೆರಡು ನಿಮಿಷ ಹೋಗಿ ಬರೋ ಕಡೆ ಕೀಪ್‌ಅಲೈವ್ ಉಲ್ಟಾ ಹೊಡೀಬಹುದು ಅಂತ ಪುಟಿಯ ಕೈಪಿಡಿಯಲ್ಲೇ ಇದೆ. ಸುಮ್ಮನಿದ್ದಿದ್ರೆ ಲೈನ್ ಹೋಗಿದ್ದೂ ಗೊತ್ತಾಗದೇ ಉಳ್ಕೊಳ್ತಿದ್ದ ಸಂಪರ್ಕ, ಆ ಹೊತ್ತಲ್ಲೇ ಹೂಂಗುಟ್ಟೋಕೆ ಹೋಗಿ ಉತ್ತರ ಸಿಗದೇ ಕಡಿದುಹೋಗುತ್ತೆ. ಅದಕ್ಕೇ ಮೊದಲು ನಿಮಿಷ ಲೆಕ್ಕ ಹಾಕಿ ನೋಡಿ. ಯಾವಾಗಲೂ ಇಷ್ಟು ಹೊತ್ತು ಸುಮ್ಮನಿದ್ದ ಮೇಲೇ ಕಟ್ ಆಗುತ್ತೆ ಅಂದ್ರೆ ಈ ಮದ್ದು. ಟೈಪ್ ಮಾಡ್ತಿರುವಾಗಲೇ ಕಟ್ ಆದ್ರೆ ಕಾಯಿಲೆ ಬೇರೆ.

ಇನ್ನೊಂದು ಮುಖ್ಯ ವಿಷಯ. ಈ ಥರ ಪರದೆಯಲ್ಲಿ ನೀವು ಒತ್ತಿದ ಅಕ್ಷರ ಸಾಮಾನ್ಯವಾಗಿ ಸರ್ವರ್‌ಗೆ ಹೋಗಿ ವಾಪಸ್ ಬಂದ ಮೇಲೇ ಕಾಣೋದು. ವೈ ಒತ್ತಿದಾಗ ವೈ ಮೂಡ್ಲಿಲ್ಲ ಅಂದ್ರೆ ಅದು ಹೋಗಿಲ್ಲ. ಲೈನ್ ಕಟ್ಟಾಗಿ ಮತ್ತೆ ಲಾಗಿನ್ ಆದ್ರೆ ಮೊದಲು ಸ್ಕ್ರೋಲ್ ತೆಗೆದು ಕೊನೇ ಎಂಟ್ರಿ ಯಾವುದು ನೋಡಿ. ಆಮೇಲೆ ಮುಂದಿನವರನ್ನ ಕರೀರಿ.

8/8

60 ಹಾಕಿದ ಮೇಲೆ ನಾನಿದ್ದ ಉಳಿದ ಎರಡು ವಾರದಲ್ಲಿ ಸುಮ್ಮನಿದ್ದು ಕಟ್ ಆದದ್ದು ಒಂದು ಸಲವೂ ಇಲ್ಲ. ಕರೆಂಟ್ ಹೋಗಿ ರೂಟರ್ ಆಫ್ ಆದಾಗ ಒಮ್ಮೆ ಹೋಯ್ತು, ಅದಕ್ಕೆ ಪುಟ್ಟಿ ಏನು ಮಾಡ್ತಾಳೆ.

ರಿಪೋರ್ಟ್ ತಗೊಂಡು ಮ್ಯಾನೇಜರ್ ಸರ್ ಹತ್ರ ಹೋದೆ. ಆ ಸಾಲು ತಪ್ಪು ಸರ್, ಬದಲಾಯಿಸ್ಬೇಕು ಅಂದೆ. "ಸೈನ್ ಆಗಿದೆಯಲ್ಲ ಬಿಡಯ್ಯಾ, ಕಾಲೇಜಲ್ಲಿ ಯಾರು ಓದ್ತಾರೆ" ಅಂದ್ರು. ನೀವು ಓದಿದ್ರಲ್ಲ ಸರ್ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಪರೀಕ್ಷೆ ಮಾಡಿದ ನಿಮಿಷಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿದ್ದೆ, ಅದನ್ನ ಮುಂದಿಟ್ಟೆ. ಎರಡು ಸಲ ಓದಿದ್ರು. ಹೊಸ ಪುಟಕ್ಕೆ ಸೈನ್ ಮಾಡಿದ್ರು. ಜೆರಾಕ್ಸ್ ವಾಪಸ್ ಕೇಳಿದೆ. ಫೈಲಿಂದ ತೆಗೆದು ಕೊಟ್ರು. ಅಕ್ಕನ್ನ ವಾಪಸ್ ಕ್ಯಾಷ್‌ಗೆ ಹಾಕೋದು? "ಮುಂದಿನ ತಿಂಗಳು ನೋಡೋಣ." ನಾನು ಇಂಟರ್ನ್‌ಶಿಪ್ ಮುಗಿಸಿ ಬರೋವರೆಗೂ ಅದು ಮುಂದಿನ ತಿಂಗಳೇ ಆಗಿತ್ತು.

ಕೊನೇ ದಿನ ಅಕ್ಕನಿಗೆ ಎಲ್ಲಾ ಹೇಳಿದೆ. ಅಜಾಗರೂಕತೆ ಅಂತ ಬರೆದದ್ದು ನಾನೇ ಅಂತಾನೂ. ಅವರು ಷೇರು ರಿಜಿಸ್ಟರ್‌ಗೆ ಗೆರೆ ಎಳೀತಿದ್ರು, ಸ್ಕೇಲು ಎತ್ತದೇ ಕೇಳಿಸ್ಕೊಂಡ್ರು.

"ನಂಗೆ ಗೊತ್ತಿತ್ತು ಮರಿ, ನಿನ್ನ ಕೈಬರಹ ಗೊತ್ತಿಲ್ವಾ" ಅಂದ್ರು. ಗೆರೆ ಮುಗಿಸಿ ಸ್ಕೇಲು ಕೆಳಗಿಟ್ರು. "ಬರೆಯೋ ಮುಂಚೆ ಒಂದ್ಸಲ ನನ್ನನ್ನ ಕೇಳಿದ್ರೆ ಆಗ್ತಿರಲಿಲ್ವಾ? ದಿನಾ ಹೇಳ್ತಾನೇ ಇದ್ನಲ್ಲ, ಮಾತಾಡಿಸದೇ ಇದ್ರೆ ಮುನಿಸ್ಕೋತಾಳೆ ಅಂತ."

ಹೌದು. ಏನಾಗ್ತಿದೆ ಅಂತ ಮೊದಲ ವಾರದಿಂದ ಸರಿಯಾಗಿ ಹೇಳ್ತಿದ್ದವರು ಅವರೊಬ್ಬರೇ. ಕಂಪ್ಯೂಟರ್ ಭಾಷೆಯಲ್ಲಿ ಹೇಳ್ಲಿಲ್ಲ ಅಂತ ನಾವು ಅದನ್ನ ತಮಾಷೆ ಅಂದ್ಕೊಂಡ್ವಿ.

ನಾಲ್ಕೂವರೆಗೆ ಟೀ ಬಂತು. ಅಕ್ಕ ತಮ್ಮ ಲೋಟದಿಂದ ಅರ್ಧ ನನಗೆ ಬಗ್ಗಿಸಿ ಕೊಟ್ರು. ಕುಡಿದೆ. ಕ್ಷಮಿಸಿದ್ರಾ ಅಂತ ಕೇಳೋ ಧೈರ್ಯ ಬರಲಿಲ್ಲ.

ಇಂಟರ್ನ್‌ಶಿಪ್‌ಗೆ ಹೋಗ್ತಿರೋ ಜೂನಿಯರ್ಸ್‌ಗೆ ಒಂದೇ ಮಾತು. ಕಾರಣ ಅನ್ನೋ ಜಾಗದಲ್ಲಿ ಒಬ್ಬ ಮನುಷ್ಯರ ಬಗ್ಗೆ ಬರೆಯೋ ಮುಂಚೆ ಅವರ ಪಕ್ಕ ಒಂದು ಸ್ಟೂಲ್ ಹಾಕ್ಕೊಂಡು ಕೂತು ಕೇಳಿ. ಆಮೇಲೆ ಸೆಟ್ಟಿಂಗ್ ನೋಡಿ. ಪೆನ್ನು ಕೊನೆಗೆ.

ನಿಮ್ಮ ಆಫೀಸಲ್ಲಿ ಹೀಗೆ ಯಾರ ಮೇಲಾದ್ರೂ ತಪ್ಪು ಹೊರಿಸಿ, ಆಮೇಲೆ ಕಾರಣ ಬೇರೆ ಏನೋ ಅಂತ ಗೊತ್ತಾಗಿದ್ಯಾ? ಹೆಸರು ಹಾಕದೇ ಕಾಮೆಂಟಲ್ಲಿ ಬರೀರಿ. ಎಲ್ಲಾ ಓದ್ತೀನಿ.

#ಕೌಂಟರ್‌ಒಳಗಿನಿಂದ #ಬಿಕಾಂಬದುಕು #ಇಂಟರ್ನ್‌ಶಿಪ್‌ಕತೆ #ಪುಟ್ಟಿ #ಕನ್ನಡದಲ್ಲಿಬರೀರಿ